ಯುದ್ಧ, ದೇಶ ಮತ್ತು ಹೆಸರಿನ ಪಟ್ಟಿ

(ಇತಿಹಾಸ ಓದುವ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಾಡುವಾಗ ಅರ್ಧಕ್ಕೆ ಬಿಟ್ಟಿದ್ದ ಕೆಲವು ವಾಕ್ಯಗಳನ್ನು ಪೂರ್ತಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಪಾನ್‌ನಿಂದ ಶುರು ಮಾಡುತ್ತೇನೆ. 1875ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಒಂದು ಆದೇಶ ಹೊರಡಿಸಿತು. ಇನ್ನು ಮುಂದೆ ಪ್ರತಿಯೊಬ್ಬರಿಗೂ ಮನೆತನದ ಹೆಸರು ಇರಲೇಬೇಕು ಅಂತ. ಹಿಂದೆ ಹೀಗೆ ಅಧಿಕೃತವಾಗಿ ಮನೆತನದ ಹೆಸರು ಹೇಳಿಕೊಳ್ಳುವ ಹಕ್ಕು ಇದ್ದದ್ದು ಸಮುರಾಯ್‌ಗಳಂಥ ಮೇಲಿನವರಿಗೆ. 1870ರಲ್ಲಿ ಸಾಮಾನ್ಯ ಜನರಿಗೂ ಅನುಮತಿ ಸಿಕ್ಕಿತ್ತು. ಬಹಳ ಜನ ಆ ಕಡೆ ಗಮನ ಕೊಡಲಿಲ್ಲ. ಐದೇ ವರ್ಷದಲ್ಲಿ 'ಇಟ್ಟುಕೊಳ್ಳಬಹುದು' ಎಂಬುದು 'ಇಟ್ಟುಕೊಳ್ಳಲೇಬೇಕು' ಆಯಿತು. ಈ ಒತ್ತಾಯ ಬಂದದ್ದು ಸೇನೆಯ ಕಡೆಯಿಂದ. ಎರಡು ವರ್ಷ ಹಿಂದೆ, 1873ರಲ್ಲಿ, ಕಡ್ಡಾಯ ಸೈನ್ಯಸೇವೆ ಜಾರಿಗೆ ಬಂದಿತ್ತು. ಯಾರನ್ನು ಕರೆಯಬೇಕು, ಯಾರು ಬಂದರು, ಯಾರು ತಪ್ಪಿಸಿಕೊಂಡರು ಅಂತ ಬರೆದಿಡಬೇಕಿತ್ತು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಹತ್ತು ಜನ ಇದ್ದರೆ ಪಟ್ಟಿ ಮಾಡೋದು ಹೇಗೆ?

ಆ ಸೈನ್ಯಸೇವೆಯ ಪ್ರಕಟಣೆ 1872ರ ಕೊನೆಗೆ ಹೊರಬಿದ್ದಿತ್ತು. ಅದರಲ್ಲಿ 'ರಕ್ತದ ತೆರಿಗೆ' ಎಂಬ ಮಾತು ಇತ್ತು. ದೇಶಕ್ಕೆ ಪ್ರಾಣ ಕೊಟ್ಟು ಸೇವೆ ಮಾಡುವುದು ಎಂಬ ಅರ್ಥದಲ್ಲಿ ಬರೆದದ್ದು. ಆದರೆ ಹಳ್ಳಿಗಳಲ್ಲಿ ಜನ ಅದನ್ನು ಅಕ್ಷರಶಃ ನಂಬಿದರು. ಸರ್ಕಾರದವರು ಬಂದು ನಿಜವಾಗಿಯೂ ಮೈಯಿಂದ ರಕ್ತ ತೆಗೆಯುತ್ತಾರಂತೆ ಎಂದು ಸುದ್ದಿ ಹಬ್ಬಿತು. 1873ರಲ್ಲಿ ಪಶ್ಚಿಮ ಜಪಾನ್‌ನ ಹಲವು ಕಡೆ ದಂಗೆಗಳಾದವು. ಇನ್ನೂ ಕೆಲವರು ಬೇರೆ ದಾರಿ ಹುಡುಕಿದರು. ಮನೆಯ ಯಜಮಾನನಿಗೆ, ಮನೆಗೆ ವಾರಸುದಾರನಾದ ಮಗನಿಗೆ ಸೈನ್ಯಸೇವೆಯಿಂದ ವಿನಾಯಿತಿ ಇತ್ತು. ಹಾಗಾಗಿ ಎರಡನೇ ಮಗನನ್ನು, ಮೂರನೇ ಮಗನನ್ನು ಮಕ್ಕಳಿಲ್ಲದ ಮನೆಗೆ ಕಾಗದದ ಮೇಲೆ ದತ್ತು ಕೊಡತೊಡಗಿದರು. ಹುಡುಗ ಇರುತ್ತಿದ್ದದ್ದು ಹೆತ್ತವರ ಜೊತೆಯಲ್ಲೇ. ಪಟ್ಟಿಯಲ್ಲಿ ಮಾತ್ರ ಅವನ ಮನೆ ಬದಲಾಗುತ್ತಿತ್ತು.

ಈಗ ಜಗತ್ತಿನಲ್ಲಿ ಜಪಾನ್‌ನಷ್ಟು ಗಟ್ಟಿಯಾದ ರಾಷ್ಟ್ರಭಾವನೆ ಇರುವ ದೇಶಗಳು ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದರ ಬುಡದಲ್ಲಿ ಹೀಗೊಂದು ಹೆಸರು ಬರೆದುಕೊಳ್ಳುವ ಕೆಲಸ ಇತ್ತು, ಹೆಸರು ತಪ್ಪಿಸುವ ಕೆಲಸವೂ ಇತ್ತು. ಇವತ್ತು ನಾನು ಹೇಳಬೇಕೆಂದಿರುವುದು ಈ ಪಟ್ಟಿಯ ಬಗ್ಗೆಯೇ.

ಮುಂದೆ ಹೋಗುವ ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಪ್ರಭುತ್ವ ಅಂದರೆ ಆಳುವ ವ್ಯವಸ್ಥೆ. ತೆರಿಗೆ ಎತ್ತುತ್ತದೆ, ಕಾನೂನು ಮಾಡುತ್ತದೆ, ಸೈನ್ಯ ಇಡುತ್ತದೆ. ರಾಷ್ಟ್ರ ಅಂದರೆ 'ನಾವೆಲ್ಲ ಒಂದು' ಅನ್ನುವ ಭಾವನೆ. ನೀವು ಎಂದೂ ನೋಡದ, ಮುಂದೆಯೂ ನೋಡದ ಲಕ್ಷಾಂತರ ಜನರನ್ನು ನಮ್ಮವರು ಅಂದುಕೊಳ್ಳುವುದು. ಇವೆರಡೂ ಒಂದೇ ಅಲ್ಲ, ಒಟ್ಟಿಗೆ ಹುಟ್ಟಿದ್ದೂ ಅಲ್ಲ. ರಾಷ್ಟ್ರಪ್ರಭುತ್ವ ಅಂತ ಸೇರಿಸಿ ಹೇಳುವುದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಇವು ಎಂದಾದರೂ ಬೇರೆ ಬೇರೆ ಇದ್ದವಾ ಅಂತ ಅನುಮಾನ ಬರುತ್ತದೆ. ಇದ್ದವು. ಇವನ್ನು ಜೋಡಿಸಿದ ಕೆಲಸದಲ್ಲಿ ಯುದ್ಧದ ಪಾಲು ಬಹಳ ದೊಡ್ಡದು.

ರಾಷ್ಟ್ರ ಇಲ್ಲದ ಪ್ರಭುತ್ವ ಹೇಗಿರುತ್ತದೆ ಅಂತ ನೋಡಲು ಚೀನಾಕ್ಕೆ ಹೋಗಬೇಕು. ಕ್ರಿ.ಪೂ. 4ನೇ ಶತಮಾನದಲ್ಲಿ ಅಲ್ಲಿ ಏಳು ದೊಡ್ಡ ರಾಜ್ಯಗಳು ಒಂದರ ಮೇಲೊಂದು ಬಿದ್ದು ಕಾದಾಡುತ್ತಿದ್ದವು. ಅವುಗಳಲ್ಲಿ ಚಿನ್ ಒಂದು. ಅಲ್ಲಿನ ಮಂತ್ರಿ ಶಾಂಗ್ ಯಾಂಗ್ ಕ್ರಿ.ಪೂ. 350ರ ದಶಕದಿಂದ ಇಡೀ ರಾಜ್ಯವನ್ನು ಯುದ್ಧಕ್ಕೆ ಒಗ್ಗಿಸಿದ. ಮನೆ ಮನೆ ದಾಖಲೆ ಬರೆಸಿದ. ಐದೈದು, ಹತ್ತತ್ತು ಮನೆಗಳ ಗುಂಪು ಮಾಡಿದ. ಗುಂಪಿನಲ್ಲಿ ಒಬ್ಬ ತಪ್ಪು ಮಾಡಿ ಉಳಿದವರು ಮುಚ್ಚಿಟ್ಟರೆ ಎಲ್ಲರಿಗೂ ಶಿಕ್ಷೆ. ಯುದ್ಧದಲ್ಲಿ ಶತ್ರುವಿನ ತಲೆ ತಂದರೆ ಪದವಿ. ಆ ಕಾಲದ ಚಿನ್ ಆಯುಧಗಳ ಮೇಲೆ ಮಾಡಿದ ಕುಶಲಕರ್ಮಿಯ ಹೆಸರು, ಮೇಲ್ವಿಚಾರಣೆ ಮಾಡಿದ ಅಧಿಕಾರಿಯ ಹೆಸರು ಕೊರೆದಿರುತ್ತಿತ್ತು. ಕತ್ತಿ ಮುರಿದರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಿರಬೇಕಲ್ಲ. ಕ್ರಿ.ಪೂ. 221ಕ್ಕೆ ಚಿನ್ ಉಳಿದ ಎಲ್ಲ ರಾಜ್ಯಗಳನ್ನೂ ನುಂಗಿತು. ಸುಮಾರು ಹದಿನೈದು ವರ್ಷಕ್ಕೆ ಆ ಸಾಮ್ರಾಜ್ಯ ಕುಸಿದುಬಿತ್ತು.

ಪಟ್ಟಿ ಇತ್ತು, ಬಲ ಇತ್ತು, ಲೆಕ್ಕ ಇತ್ತು. ಆದರೆ ಆ ಪಟ್ಟಿಯಲ್ಲಿ ಇದ್ದವನು 'ಇದು ನನ್ನದು' ಅನ್ನಲು ಕಾರಣವೇ ಇರಲಿಲ್ಲ. ಕೊಡುವುದೆಲ್ಲ ಅವನದು, ಕೇಳುವ ಹಕ್ಕು ಮಾತ್ರ ಇಲ್ಲ.

ಯುರೋಪಿನಲ್ಲಿ ಮೊದಲಿಗೆ ಇಂಥ ಪಟ್ಟಿ ಕೂಡ ಇರಲಿಲ್ಲ. ಅಲ್ಲಿ ರಾಜರು ಜಾಸ್ತಿ ನೆಚ್ಚಿಕೊಂಡಿದ್ದು ಕೂಲಿ ಸೈನಿಕರನ್ನು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷದ ಯುದ್ಧದಲ್ಲಿ ಹೋರಾಡಿದ ಒಬ್ಬ ಕೂಲಿ ಸೈನಿಕನ ದಿನಚರಿ ಉಳಿದುಕೊಂಡಿದೆ. 1633ರಲ್ಲಿ ಸ್ವೀಡನ್ನಿನವರು ಅವನನ್ನು ಸೆರೆ ಹಿಡಿದರು. ಅವರ ಸೈನ್ಯಕ್ಕೇ ಸೇರಿಕೊಂಡ. ಮರುವರ್ಷ ಸ್ವೀಡನ್ ಸೋತಿತು. ತನ್ನ ಹಳೆಯ ರೆಜಿಮೆಂಟಿಗೆ ವಾಪಸ್ ಬಂದ. ಇದರಲ್ಲಿ ಅವನಿಗೆ ನಾಚಿಕೆ ಇಲ್ಲ, ಅಳುಕೂ ಇಲ್ಲ. ಆ ದಿನಚರಿಯಲ್ಲಿ ನೋವು ಇರುವುದು ಬೇರೆ ಕಡೆ. ದಾರಿಯಲ್ಲಿ ಸತ್ತ ಹೆಂಡತಿ, ಒಂದೊಂದಾಗಿ ಸತ್ತ ಕೂಸುಗಳು, ಅವನ್ನು ಹೂತ ಊರುಗಳು. ದೇಶದ್ರೋಹ ಅನ್ನುವ ಮಾತು ಅವನಿಗೆ ಅರ್ಥವೇ ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅವನಿಗೆ ಸಂಬಳ ಕೊಡುವ ದೊರೆ ಇದ್ದ, ದೇಶ ಇರಲಿಲ್ಲ.

ಕೂಲಿ ಸೈನ್ಯ, ತೋಪು, ತೋಪಿನ ಏಟು ತಡೆಯುವ ಕೋಟೆ. ಇದಕ್ಕೆಲ್ಲ ಹಣ ಬೇಕು. ಹಣಕ್ಕೆ ತೆರಿಗೆ ಬೇಕು, ಸಾಲದಿದ್ದರೆ ಸಾಲ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದೇ ಫ್ರಾನ್ಸ್ ಜೊತೆಗಿನ ಯುದ್ಧಕ್ಕೆ ಸರ್ಕಾರಕ್ಕೆ ಸಾಲ ಕೊಡಲು. 12 ಲಕ್ಷ ಪೌಂಡ್, 8 ಪರ್ಸೆಂಟ್ ಬಡ್ಡಿ. ನೂರು ವರ್ಷದ ನಂತರ ಮತ್ತೆ ಫ್ರಾನ್ಸ್ ಜೊತೆಗೇ ಯುದ್ಧ. ಆಗ, 1799ರಲ್ಲಿ, ಬ್ರಿಟನ್ನಿನ ಪ್ರಧಾನಿ ಪಿಟ್ ಆದಾಯ ತೆರಿಗೆ ತಂದ. ಯುದ್ಧ ಮುಗಿದ ಮೇಲೆ, 1816ರಲ್ಲಿ, ಪಾರ್ಲಿಮೆಂಟು ಅದನ್ನು ರದ್ದು ಮಾಡಿತು. ಅಷ್ಟೇ ಅಲ್ಲ, ತೆರಿಗೆಯ ಕಡತಗಳನ್ನೂ ನಾಶ ಮಾಡಲು ಹೇಳಿತು. ಯಾರ ಆದಾಯ ಎಷ್ಟು ಅಂತ ಸರ್ಕಾರ ತಿಳಿದುಕೊಳ್ಳುವುದು ಜನರಿಗೆ ಅಷ್ಟು ಅಸಹ್ಯವಾಗಿತ್ತು. 1842ರಲ್ಲಿ ಅದು ಮತ್ತೆ ಬಂತು. ಆ ಸಲ ಅಂಥ ದೊಡ್ಡ ಯುದ್ಧದ ನೆಪ ಬೇಕಾಗಲಿಲ್ಲ.

ಈಗ 1793ಕ್ಕೆ ಬರೋಣ. ನನ್ನ ಮಟ್ಟಿಗೆ ಈ ಕಥೆಯ ನಡುಮಧ್ಯ ಇದೇ.

ಫ್ರಾನ್ಸ್‌ನಲ್ಲಿ ಕ್ರಾಂತಿಯಾಗಿ ನಾಲ್ಕು ವರ್ಷ. ರಾಜನ ತಲೆ ಹೋಗಿದೆ. ಸುತ್ತಲಿನ ರಾಜರೆಲ್ಲ ಯುದ್ಧಕ್ಕೆ ಇಳಿದಿದ್ದಾರೆ. ಒಳಗೂ ದಂಗೆ. ಆ ವರ್ಷದ ಆಗಸ್ಟ್ 23ರಂದು ಪ್ಯಾರಿಸ್‌ನ ಸಭೆ ಒಂದು ಆದೇಶ ಹೊರಡಿಸಿತು. ಶತ್ರುಗಳನ್ನು ಗಡಿಯಿಂದ ಹೊರಗೆ ಓಡಿಸುವವರೆಗೆ ಇಡೀ ಜನತೆ ಸೇನೆಯ ಸೇವೆಯಲ್ಲಿರಬೇಕು. ಯುವಕರು ಯುದ್ಧಕ್ಕೆ ಹೋಗಬೇಕು. ಮದುವೆಯಾದ ಗಂಡಸರು ಆಯುಧ ಮಾಡಬೇಕು, ಸಾಮಾನು ಸಾಗಿಸಬೇಕು. ಹೆಂಗಸರು ಡೇರೆ, ಬಟ್ಟೆ ಹೊಲಿಯಬೇಕು, ಆಸ್ಪತ್ರೆಗಳಲ್ಲಿ ದುಡಿಯಬೇಕು. ಮಕ್ಕಳು ಹಳೆಯ ಬಟ್ಟೆಯ ಎಳೆ ಬಿಡಿಸಿ ಗಾಯಕ್ಕೆ ಕಟ್ಟಲು ಕೊಡಬೇಕು. ಮುದುಕರು ಊರ ಚೌಕಕ್ಕೆ ಹೋಗಿ ಹುರಿದುಂಬಿಸುವ ಮಾತಾಡಬೇಕು.

ನನಗೆ ಈ ಆದೇಶ ಓದಿದಾಗಲೆಲ್ಲ ಎರಡು ಭಾವನೆ ಒಟ್ಟಿಗೆ ಬರುತ್ತವೆ. ಒಂದು, ಮೈ ಜುಮ್ಮೆನ್ನುತ್ತದೆ. ಯಾವ ಪ್ರಭುತ್ವವೂ ಅದಕ್ಕೆ ಮೊದಲು ಎಲ್ಲರನ್ನೂ ಹೀಗೆ ಹೆಸರಿಡಿದು ಕರೆದಿರಲಿಲ್ಲ. ಮುದುಕರಿಗೂ ಒಂದು ಕೆಲಸ, ಮಗುವಿಗೂ ಒಂದು ಕೆಲಸ. ಇನ್ನೊಂದು, ಭಯವಾಗುತ್ತದೆ. ಯಾಕೆಂದರೆ ಈ ಆದೇಶದ ಹೊರಗೆ ಉಳಿಯಲು ಯಾರಿಗೂ ಜಾಗವಿಲ್ಲ. ಹೊಲದಲ್ಲಿದ್ದವನು, ತೊಟ್ಟಿಲು ತೂಗುವವಳು, ಎಲ್ಲರೂ ಯುದ್ಧದ ಒಳಗೆ ಬಂದರು.

1794ರ ಹೊತ್ತಿಗೆ ಫ್ರಾನ್ಸ್ ಬಳಿ ಸುಮಾರು ಏಳೂವರೆ ಲಕ್ಷ ಸೈನಿಕರಿದ್ದರು. ಬೇರೆ ಯಾವ ರಾಜನೂ ಕೂಲಿ ಕೊಟ್ಟು ಅಷ್ಟು ಜನರನ್ನು ಇಡಲಾರ. ಅದೇ ವರ್ಷ ಪಾದ್ರಿ ಗ್ರೆಗ್ವಾರ್ ಸಭೆಗೆ ಒಂದು ವರದಿ ಕೊಟ್ಟ. ದೇಶದಲ್ಲಿ ಕಡಿಮೆ ಅಂದರೂ 60 ಲಕ್ಷ ಜನಕ್ಕೆ ಫ್ರೆಂಚ್ ಬರುವುದೇ ಇಲ್ಲ, ಚೆನ್ನಾಗಿ ಮಾತಾಡುವವರು 30 ಲಕ್ಷ ಮೀರುವುದಿಲ್ಲ ಅಂತ. ಬ್ರೆಟನ್, ಬಾಸ್ಕ್, ಆಕ್ಸಿಟನ್, ಜರ್ಮನ್ ಮಾತಾಡುವ ಹುಡುಗರು 'ಫ್ರಾನ್ಸ್‌ಗೆ ಜಯವಾಗಲಿ' ಅಂತ ಕೂಗಿ ಹೋರಾಡಿದರು. ಅಂದರೆ ಭಾಷೆ ಒಂದಾಗಿ ರಾಷ್ಟ್ರ ಹುಟ್ಟಿ, ಆಮೇಲೆ ಅದು ಯುದ್ಧಕ್ಕೆ ಹೋಯಿತು ಅನ್ನುವ ಕ್ರಮ ಇಲ್ಲಿ ನಿಲ್ಲುವುದಿಲ್ಲ. ಯುದ್ಧ ಮೊದಲು. ಭಾಷೆ ಕಲಿಸುವ ಶಾಲೆ ಆಮೇಲೆ.

ಎಲ್ಲರೂ ಹಾಡುತ್ತಾ ಹೋದರು ಅಂತ ಮಾತ್ರ ತಿಳಿಯಬೇಡಿ. 1798ರಲ್ಲಿ ಕಡ್ಡಾಯ ಸೈನ್ಯಸೇವೆ ಕಾಯಂ ಕಾನೂನಾಯಿತು. ಆ ಕಾಲದ ಬಂದೂಕಿಗೆ ಮದ್ದು ತುಂಬಲು ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಮುಂದಿನ ಹಲ್ಲು ಇಲ್ಲದವನು ಸೈನ್ಯಕ್ಕೆ ಬರುವುದಿಲ್ಲ. ಹಾಗಾಗಿ ಹುಡುಗರು ತಮ್ಮ ಹಲ್ಲನ್ನು ತಾವೇ ಉದುರಿಸಿಕೊಂಡರು. ಗುಂಡು ಹಾರಿಸುವ ಬೆರಳು ಕತ್ತರಿಸಿಕೊಂಡರು. ಮದುವೆಯಾದವರಿಗೆ ವಿನಾಯಿತಿ ಇದ್ದಾಗ ಅವಸರ ಅವಸರವಾಗಿ ಮದುವೆಯಾದರು. ಸಾವಿರಾರು ಜನ ಕಾಡು ಸೇರಿದರು. ರಾಷ್ಟ್ರಭಾವನೆಯ ಚರಿತ್ರೆ ಬರೆಯುವವರು ಈ ಹಲ್ಲುಗಳನ್ನು ಮರೆಯಬಾರದು ಅಂತ ನನ್ನ ಕಳಕಳಿ. ಅವರು ಹೇಡಿಗಳಾಗಿರಲಿಲ್ಲ. ತಮ್ಮನ್ನು ಕೇಳದೆ ಬರೆದ ಪಟ್ಟಿಗೆ ಅವರಿಗೆ ತೋಚಿದ ಉತ್ತರ ಅದು.

ಈ ಫ್ರಾನ್ಸ್ ಮುಂದೆ ಎಲ್ಲರನ್ನೂ ಸೋಲಿಸಿತು. ಸೋತವರು ಅದರಿಂದ ಕಲಿತರು. 1806ರ ಅಕ್ಟೋಬರ್ 14ರಂದು ಯೇನಾದಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಸೈನ್ಯ ನೆಲಕಚ್ಚಿತು. ಮರುವರ್ಷ ಆ ರಾಜ್ಯ ಅರ್ಧಕ್ಕರ್ಧ ನೆಲ ಕಳೆದುಕೊಂಡಿತು. ಅದೇ 1807ರಲ್ಲಿ ಅಲ್ಲಿ ರೈತರ ಜೀತ ತೆಗೆದುಹಾಕುವ ಆದೇಶ ಬಂತು. ಜೀತದಾಳು ದೇಶಕ್ಕಾಗಿ ಯಾಕೆ ಸಾಯಬೇಕು ಎಂಬ ಪ್ರಶ್ನೆಗೆ ಅಧಿಕಾರಿಗಳ ಬಳಿ ಉತ್ತರ ಇರಲಿಲ್ಲ. 1813ರ ಮಾರ್ಚ್‌ನಲ್ಲಿ ರಾಜ 'ನನ್ನ ಜನರಿಗೆ' ಎಂದು ನೇರವಾಗಿ ಪ್ರಕಟಣೆ ಹೊರಡಿಸಿದ. ಕಬ್ಬಿಣದ ಶಿಲುಬೆ ಎಂಬ ಪದಕ ಮಾಡಿಸಿ ಅದನ್ನು ದರ್ಜೆ ನೋಡದೆ ಸಾಮಾನ್ಯ ಸೈನಿಕನಿಗೂ ಕೊಡಬಹುದು ಅಂದ. ಹೆಂಗಸರು ಚಿನ್ನದ ಒಡವೆ ಕೊಟ್ಟು ಕಬ್ಬಿಣದ ಒಡವೆ ಹಾಕಿಕೊಂಡರು. ಯುದ್ಧ ಇನ್ನೂ ಮುಗಿಯದ 1815ರ ಮೇ ತಿಂಗಳಲ್ಲಿ ರಾಜ ಸಂವಿಧಾನ ಕೊಡುತ್ತೇನೆ ಅಂತ ಮಾತು ಕೊಟ್ಟ. ಯುದ್ಧ ಗೆದ್ದ ಮೇಲೆ ಕೊಡಲಿಲ್ಲ. ಪ್ರಷ್ಯಾಕ್ಕೆ ಸಂವಿಧಾನ ಬಂದದ್ದು 1848ರ ಡಿಸೆಂಬರ್‌ನಲ್ಲಿ, ಅದೂ ಬೀದಿಯಲ್ಲಿ ಕ್ರಾಂತಿ ಆದ ಮೇಲೆ. ನಡುವೆ ಮೂವತ್ತಮೂರು ವರ್ಷ.

ಈ ಕೊಟ್ಟ ಮಾತು ನನಗೆ ಬಹಳ ಮುಖ್ಯ. ಪ್ರಭುತ್ವ ನಿಮ್ಮ ಹೆಸರು ಬರೆದುಕೊಂಡು ಮಗನನ್ನು ತೆಗೆದುಕೊಂಡರೆ ಅದು ನಿಮಗೆ ಸಾಲಗಾರ ಆಗುತ್ತದೆ. ರಾಷ್ಟ್ರ ಅನ್ನುವುದು ಜನ ಇಟ್ಟುಕೊಂಡ ಆ ಸಾಲದ ನೆನಪು ಅಂತ ನಾನು ತಿಳಿದಿದ್ದೇನೆ. 'ನಾವು ಕೊಟ್ಟಿದ್ದೇವೆ, ಆದ್ದರಿಂದ ಇದು ನಮ್ಮದು.'

ಮತದಾನದ ಹಕ್ಕಿನ ಚರಿತ್ರೆ ತೆಗೆದರೆ ಇದು ಚೆನ್ನಾಗಿ ಕಾಣುತ್ತದೆ. ಸ್ವೀಡನ್ನಿನಲ್ಲಿ 1901ರಲ್ಲಿ ಸೈನ್ಯಸೇವೆ ಬಿಗಿಯಾಯಿತು. ಅಲ್ಲಿನ ಘೋಷಣೆ: ಒಬ್ಬ ಮನುಷ್ಯ, ಒಂದು ಓಟು, ಒಂದು ಬಂದೂಕು. 1909ರಲ್ಲಿ ಗಂಡಸರಿಗೆಲ್ಲ ಓಟು ಸಿಗುವ ಸುಧಾರಣೆ ಆಯಿತು. ಬ್ರಿಟನ್ನಿನಲ್ಲಿ 1914ರಲ್ಲಿ ಹತ್ತು ಗಂಡಸರಲ್ಲಿ ಸುಮಾರು ನಾಲ್ವರಿಗೆ ಓಟಿಲ್ಲ. ಕಂದಕದಲ್ಲಿ ನಿಂತ ಸೈನಿಕನಿಗೆ ತನ್ನನ್ನು ಅಲ್ಲಿಗೆ ಕಳಿಸಿದ ಪಾರ್ಲಿಮೆಂಟನ್ನು ಆರಿಸುವ ಹಕ್ಕಿಲ್ಲ. 1918ರ ಕಾನೂನು 21 ದಾಟಿದ ಗಂಡಸರೆಲ್ಲರಿಗೂ ಓಟು ಕೊಟ್ಟಿತು. ಯುದ್ಧಕ್ಕೆ ಹೋದವರಿಗೆ 19ಕ್ಕೇ ಕೊಟ್ಟಿತು. ಹೆಂಗಸರಿಗೆ 30 ದಾಟಿರಬೇಕು, ಆಸ್ತಿಯ ಷರತ್ತೂ ಇತ್ತು. ಅದೇ ಕಾನೂನು ಇನ್ನೊಂದು ಕೆಲಸವನ್ನೂ ಮಾಡಿತು. ಕೊಲ್ಲುವುದಿಲ್ಲ ಎಂದು ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯದವರ ಓಟನ್ನು ಐದು ವರ್ಷ ಕಿತ್ತುಕೊಂಡಿತು. ಒಂದು ಪಟ್ಟಿಗೆ ಹೆಸರು ಕೊಡದವನನ್ನು ಇನ್ನೊಂದು ಪಟ್ಟಿಯಿಂದ ಅಳಿಸಿದರು.

ಬೆಲ್ಜಿಯಂನದು ಇನ್ನೂ ಮನ ಕಲಕುವ ಕಥೆ. 1919ರಲ್ಲಿ ಅಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಸಂಸತ್ತಿನ ಓಟು ಕೊಡಲಿಲ್ಲ. ಕೆಲವರಿಗೆ ಮಾತ್ರ ಕೊಟ್ಟರು. ಯುದ್ಧದಲ್ಲಿ ಗಂಡ ಸತ್ತು ಮರುಮದುವೆ ಆಗದ ಹೆಂಡತಿಗೆ. ಸತ್ತ ಮಗನಿಗೆ ಮದುವೆ ಆಗಿರದಿದ್ದರೆ, ವಿಧವೆಯಾದ ಅವನ ತಾಯಿಗೆ. ಜರ್ಮನ್ನರ ಕಾಲದಲ್ಲಿ ದೇಶಕ್ಕಾಗಿ ಜೈಲು ಸೇರಿದ ಹೆಂಗಸಿಗೆ. ಯೋಚನೆ ಮಾಡಿ. ಆ ತಾಯಿ ಮತಗಟ್ಟೆಗೆ ಹೋಗಿ ನಿಲ್ಲುತ್ತಾಳೆ. ಆ ಓಟು ಅವಳದಾ, ಮಗನದಾ? ಕಾನೂನಿನ ಲೆಕ್ಕದಲ್ಲಿ ಅದು ಮಗನ ಸಾವಿಗೆ ಕೊಟ್ಟ ರಸೀದಿ. ಮರುಮದುವೆ ಆದರೆ ಹೆಂಡತಿಯ ಓಟು ಹೋಗುತ್ತಿತ್ತು ಅನ್ನುವುದನ್ನು ನೆನೆದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ಪಟ್ಟಿಯಲ್ಲಿ ಹೆಸರಿದ್ದವನು ಸತ್ತರೆ? ಬಹಳ ಕಾಲ ಆ ಲೆಕ್ಕ ಯಾರೂ ಇಡಲಿಲ್ಲ. 1815ರ ವಾಟರ್‌ಲೂನಲ್ಲಿ ಸತ್ತ ಸಾಮಾನ್ಯ ಸೈನಿಕರನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಿಗೆ ಹಾಕಿದರು. ಹೆಸರು ಉಳಿದದ್ದು ಅಧಿಕಾರಿಗಳದು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಸರ್ಕಾರ ಸುಮಾರು ಮೂರು ಲಕ್ಷ ಉತ್ತರದ ಸೈನಿಕರ ದೇಹಗಳನ್ನು ಹುಡುಕಿ ರಾಷ್ಟ್ರೀಯ ಸ್ಮಶಾನಗಳಲ್ಲಿ ಹೂಳಿತು. ಅರ್ಧಕ್ಕಿಂತ ತುಸು ಜಾಸ್ತಿ ಜನರ ಹೆಸರು ಪತ್ತೆಯಾಯಿತು. ದಕ್ಷಿಣದವರ ಹೆಣಗಳು ಆ ಲೆಕ್ಕಕ್ಕೆ ಬರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಇದು ಬೇರೆಯೇ ಮಟ್ಟಕ್ಕೆ ಹೋಯಿತು. ಫ್ರಾನ್ಸ್‌ನ ಥೀಪ್ವಾಲ್ ಎಂಬಲ್ಲಿ ಒಂದು ಸ್ಮಾರಕವಿದೆ. ಸೊಮ್ ಕದನಭೂಮಿಯಲ್ಲಿ ದೇಹವೇ ಗುರುತು ಸಿಗದ 72,000ಕ್ಕೂ ಹೆಚ್ಚು ಜನರ ಹೆಸರು ಅದರ ಕಲ್ಲುಗಳ ಮೇಲಿದೆ. ಕರೆಯುವಾಗ ಹೆಸರು ಬರೆದಿದ್ದರಿಂದಲೇ ಅದು ಸಾಧ್ಯವಾಯಿತು. ದೇಹ ಇಲ್ಲ, ಹಾಜರಿ ಇದೆ.

ಹಾಗಾದರೆ ಎಲ್ಲರ ಹೆಸರೂ ಬರೆದರಾ?

ಇಲ್ಲ. ಇಲ್ಲಿಗೆ ಬಂದಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿಗಳ ಆಯೋಗ 1917ರಲ್ಲಿ ಶುರುವಾಯಿತು. ಅಧಿಕಾರಿ, ಸೈನಿಕ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಕಲ್ಲು ಎಂಬುದು ಅದರ ನಿಯಮ. ಒಳ್ಳೆಯ ನಿಯಮ. 2021ರಲ್ಲಿ ಅದೇ ಆಯೋಗ ತಾನೇ ಮಾಡಿಸಿದ ತನಿಖೆಯ ವರದಿ ಪ್ರಕಟಿಸಿ ಕ್ಷಮೆ ಕೇಳಿತು. ಆಫ್ರಿಕಾ, ಭಾರತ, ಈಜಿಪ್ಟ್ ಮೊದಲಾದ ಕಡೆಯ 45,000ದಿಂದ 54,000 ಜನರನ್ನು ಸಮಾನವಾಗಿ ಸ್ಮರಿಸಿರಲಿಲ್ಲ. ಕಡಿಮೆ ಅಂದರೂ ಇನ್ನೂ 1,16,000 ಜನರ ಹೆಸರು ಎಲ್ಲಿಯೂ ಕೆತ್ತಿರಲಿಲ್ಲ, ಅಥವಾ ಅವರಿಗೆ ಸ್ಮಾರಕವೇ ಇರಲಿಲ್ಲ. ಇವರಲ್ಲಿ ಬಹಳಷ್ಟು ಮಂದಿ ಪೂರ್ವ ಆಫ್ರಿಕಾದಲ್ಲಿ ಸೈನ್ಯದ ಹೊರೆ ಹೊತ್ತು ನಡೆದವರು. ಜ್ವರ, ಭೇದಿ, ಹಸಿವಿನಿಂದ ದಾರಿಯಲ್ಲೇ ಬಿದ್ದವರು.

ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಆ ಯುದ್ಧದಲ್ಲಿ ದುಡಿದರು. 70,000ಕ್ಕೂ ಹೆಚ್ಚು ಮಂದಿ ಸತ್ತರು. ಜವಾಬ್ದಾರಿ ಸರ್ಕಾರ ಕೊಡುತ್ತೇವೆ ಅಂತ 1917ರಲ್ಲಿ ಮಾತು ಕೊಟ್ಟರು. 1919ರ ಮಾರ್ಚ್‌ನಲ್ಲಿ ಬಂದದ್ದು ರೌಲತ್ ಕಾಯ್ದೆ. ಏಪ್ರಿಲ್‌ನಲ್ಲಿ ಜಲಿಯನ್‌ವಾಲಾ ಬಾಗ್. ಪ್ರಷ್ಯಾದ ರಾಜ ಮಾತು ತಪ್ಪಿದ್ದು ನೆನಪಿದೆಯಲ್ಲ? ಇದು ಅದಕ್ಕಿಂತ ಎಷ್ಟೋ ಕ್ರೂರ.

ಸೆನೆಗಲ್‌ನ ಟಿಯಾರಾಯ್‌ನಲ್ಲಿ ನಡೆದದ್ದಂತೂ ಅಕ್ಷರಶಃ ಲೆಕ್ಕದ ಜಗಳ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ಗಾಗಿ ಹೋರಾಡಿ, ಜರ್ಮನ್ನರ ಸೆರೆಯಲ್ಲಿದ್ದು ಬಿಡುಗಡೆಯಾಗಿ ಬಂದ ಪಶ್ಚಿಮ ಆಫ್ರಿಕಾದ ಸೈನಿಕರು ಅಲ್ಲಿನ ಶಿಬಿರದಲ್ಲಿದ್ದರು. ಬರಬೇಕಾದ ಬಾಕಿ ಸಂಬಳ ಕೊಡಿ ಅಂತ ಪಟ್ಟು ಹಿಡಿದರು. 1944ರ ಡಿಸೆಂಬರ್ 1ರ ಬೆಳಿಗ್ಗೆ ಫ್ರೆಂಚ್ ಸೈನ್ಯ ಅವರ ಮೇಲೆ ಗುಂಡು ಹಾರಿಸಿತು. ಮೊದಲು 35 ಜನ ಸತ್ತರು ಎಂದರು, ಆಮೇಲೆ 70 ಎಂಬ ಸಂಖ್ಯೆಯೂ ಬಂತು. ಅದಕ್ಕಿಂತ ಎಷ್ಟೋ ಜಾಸ್ತಿ ಎನ್ನುವ ಇತಿಹಾಸಕಾರರೂ ಇದ್ದಾರೆ. ಸತ್ತವರ ಪೂರ್ತಿ ಪಟ್ಟಿ ಇವತ್ತಿಗೂ ಇಲ್ಲ. ಕೊಟ್ಟದ್ದನ್ನು ವಾಪಸ್ ಕೇಳುವ ಹಕ್ಕಿಲ್ಲ ಅಂದ ಕೂಡಲೇ 'ಹಾಗಾದರೆ ಇದು ನಮ್ಮ ದೇಶ ಅಲ್ಲ' ಎಂಬುದು ಎಲ್ಲರಿಗೂ ಸ್ಪಷ್ಟವಾಗುತ್ತದೆ. ವಸಾಹತುಗಳಲ್ಲಿ ರಾಷ್ಟ್ರೀಯ ಚಳವಳಿಗಳು ಎರಡು ಮಹಾಯುದ್ಧಗಳ ಬೆನ್ನಿಗೇ ಬಲಿತದ್ದಕ್ಕೆ ಇದೂ ಒಂದು ಕಾರಣ.

ಪಟ್ಟಿಯ ಇನ್ನೊಂದು ಮುಖ ಹೊರಗೆ ಹಾಕುವುದು. 1923ರ ಜನವರಿಯಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲು ಬದಲು ಮಾಡಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸ್‌ಗೆ. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಟರ್ಕಿಗೆ. ಬಹಳ ಜನ ಒಪ್ಪಂದಕ್ಕೂ ಮೊದಲೇ ಯುದ್ಧಕ್ಕೆ ಹೆದರಿ ಓಡಿಬಂದಿದ್ದರು. ಯಾರು ಎಲ್ಲಿಗೆ ಅಂತ ತೀರ್ಮಾನಿಸಿದ್ದು ಧರ್ಮ ನೋಡಿ, ಮಾತು ಕೇಳಿ ಅಲ್ಲ. ಅನಟೋಲಿಯಾದಲ್ಲಿ ಮನೆಯಲ್ಲೂ ಟರ್ಕಿಷ್ ಮಾತಾಡುವ ಕ್ರೈಸ್ತರಿದ್ದರು. ಅವರು ಟರ್ಕಿಷ್ ಭಾಷೆಯನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಅವರನ್ನು ಗ್ರೀಸ್‌ಗೆ ಕಳಿಸಿದರು. ಕ್ರೀಟ್ ದ್ವೀಪದಲ್ಲಿ ಗ್ರೀಕ್ ಮಾತಾಡುವ ಮುಸ್ಲಿಮರಿದ್ದರು. ಅವರನ್ನು ಟರ್ಕಿಗೆ ಕಳಿಸಿದರು. ಎರಡು ಕಡೆಯವರೂ 'ತಾಯ್ನಾಡಿಗೆ' ಬಂದಿಳಿದು, ಅಲ್ಲಿನ ಮಾತು ಬಾರದೆ ನಿಂತರು.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: "ಹಾಗಾದರೆ ಗಟ್ಟಿ ದೇಶ ಕಟ್ಟಬೇಕು ಅಂದರೆ ಯುದ್ಧ ಬೇಕೇ ಬೇಕಾ ಸರ್?"

ಖಂಡಿತ ಬೇಡಮ್ಮ. ಯುದ್ಧದಿಂದ ಕಟ್ಟಿದ್ದಕ್ಕಿಂತ ಯುದ್ಧದಿಂದ ಮುರಿದದ್ದೇ ಹೆಚ್ಚು. ಗೆದ್ದು ಉಳಿದವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ, ಅಳಿದವುಗಳ ಭೂಪಟ ಯಾರೂ ಗೋಡೆಗೆ ಹಾಕಿಕೊಳ್ಳುವುದಿಲ್ಲ. ಯುದ್ಧ ತಾನಾಗಿ ಏನನ್ನೂ ಕಟ್ಟುವುದಿಲ್ಲ. ಅಂಗೋಲಾ ನೋಡಿ. 1975ರಿಂದ 2002ರವರೆಗೆ ಅಲ್ಲಿ ಅಂತರ್ಯುದ್ಧ. ಸರ್ಕಾರದ ಬಳಿ ಎಣ್ಣೆಯ ಹಣ, ಎದುರಾಳಿ ಯುನಿಟಾ ಬಳಿ ವಜ್ರದ ಹಣ, ಎರಡಕ್ಕೂ ಬಹಳ ಕಾಲ ಹೊರಗಿನ ದೇಶಗಳ ನೆರವು. ಇಬ್ಬರಿಗೂ ಜನರ ತೆರಿಗೆ ಬೇಕಿರಲಿಲ್ಲ. ತೆರಿಗೆ ಬೇಡದವನು ಜನರ ಮಾತು ಕೇಳಬೇಕಾಗಿಲ್ಲ. ಇಪ್ಪತ್ತೇಳು ವರ್ಷ ರಕ್ತ ಹರಿದರೂ ಓಟು, ಶಾಲೆ, ಆಸ್ಪತ್ರೆ ಯಾವುದೂ ಆ ಯುದ್ಧದಿಂದ ಹುಟ್ಟಲಿಲ್ಲ. ಆ ಕಡೆ ನಾರ್ವೆ ನೋಡಿ. 1905ರಲ್ಲಿ ಅದು ಸ್ವೀಡನ್‌ನಿಂದ ಬೇರೆಯಾಯಿತು. ಎರಡೂ ಕಡೆ ಸೈನ್ಯ ಗಡಿಗೆ ಬಂದು ನಿಂತಿತ್ತು. ಆಗಸ್ಟ್‌ನಲ್ಲಿ ಜನಮತ ತೆಗೆದುಕೊಂಡರು. ಬೇರೆಯಾಗೋಣ ಅಂದವರು 3,68,208 ಮಂದಿ, ಬೇಡ ಅಂದವರು 184. ಕಾರ್ಲ್‌ಸ್ಟಾಡ್‌ನಲ್ಲಿ ಕೂತು ಮಾತಾಡಿದರು. ನಾರ್ವೆ ತನ್ನ ಗಡಿ ಕೋಟೆಗಳನ್ನು ಕೆಡವಲು ಒಪ್ಪಿತು. ಒಂದು ಕದನವೂ ಆಗಲಿಲ್ಲ. ನಾರ್ವೆಯವರ ದೇಶಾಭಿಮಾನ ಇದರಿಂದ ಕಡಿಮೆಯಾಯಿತಾ?

ಇನ್ನೊಬ್ಬರು ಸ್ವಲ್ಪ ನೊಂದ ದನಿಯಲ್ಲೇ ಕೇಳಿದರು: "ದೇಶಪ್ರೇಮ ಅನ್ನೋದು ಸುಮ್ನೆ ಸರ್ಕಾರ ಕಟ್ಟಿದ ಕಥೆ ಅಂತೀರಾ?"

ಹಾಗೆ ಹೇಳಿದ್ದರೆ ನನ್ನ ಮಾತು ತಪ್ಪು. ಪೋಲೆಂಡ್ ಅದಕ್ಕೆ ಉತ್ತರ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಅದನ್ನು ಪೂರ್ತಿ ಹಂಚಿಕೊಂಡವು. 1918ರವರೆಗೆ, 123 ವರ್ಷ, ಆ ಹೆಸರಿನ ಸ್ವತಂತ್ರ ದೇಶ ಇರಲಿಲ್ಲ. ಅದರಲ್ಲಿ ಬಹುಪಾಲು ಕಾಲ ಪೋಲೆಂಡಿನದು ಅಂತ ಸೈನ್ಯ ಇಲ್ಲ, ಸರ್ಕಾರ ಇಲ್ಲ, ಪಟ್ಟಿ ಇಲ್ಲ. ಆ ಮೂರು ಪ್ರಭುತ್ವಗಳೂ ಪೋಲಿಷ್ ಹುಡುಗರನ್ನು ತಮ್ಮ ತಮ್ಮ ಸೈನ್ಯಕ್ಕೆ ಬರೆದುಕೊಂಡವು. ಆದರೂ ರಾಷ್ಟ್ರ ಉಳಿಯಿತು. ವಾರ್ಸಾದಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಕದ್ದುಮುಚ್ಚಿ ಪಾಠ ನಡೆಸಿದರು. ಮುಂದೆ ಮೇರಿ ಕ್ಯೂರಿ ಎಂದು ಹೆಸರಾದ ಹುಡುಗಿ ಕಲಿತದ್ದು ಅಲ್ಲಿಯೂ ಹೌದು. 1901ರಲ್ಲಿ, ಜರ್ಮನಿಯ ಕೈಯಲ್ಲಿದ್ದ ವ್‌ಜೆಶ್ನಿಯಾ ಊರಿನ ಶಾಲಾ ಮಕ್ಕಳು ಜರ್ಮನ್‌ನಲ್ಲಿ ಧರ್ಮಪಾಠ ಒಪ್ಪಿಸುವುದಿಲ್ಲ ಅಂತ ಮುಷ್ಕರ ಹೂಡಿ ಹೊಡೆತ ತಿಂದರು. ಪ್ರೇಮ ನಿಜ. ಅದು ಜನರದು. ಆ ಪ್ರೇಮವನ್ನು ತನ್ನ ಖಾತೆಗೆ ಬರೆದುಕೊಂಡು, ಜನರ ಬಾಕಿ ತೀರಿಸದೆ ಇರುವ ಪ್ರಭುತ್ವದ ಬಗ್ಗೆ ನನ್ನ ತಕರಾರು.

ಕೊನೆಯ ಪ್ರಶ್ನೆ ಒಬ್ಬ ಅಜ್ಜಿಯದು. ಮೈಕ್ ಬೇಡ ಅಂದು ಕೂತಲ್ಲಿಂದಲೇ ಕೇಳಿದರು: "ಎರಡೂ ಕಡೆಯವರು ಹೆಸರು ಬರ್ಕೊಂಡ್ರೆ ಏನ್ ಮಾಡ್ಬೇಕಪ್ಪಾ?"

ಅಜ್ಜಿ, ಅಲ್ಸೇಸ್ ಅಂತ ಒಂದು ನಾಡಿದೆ, ಫ್ರಾನ್ಸ್ ಮತ್ತು ಜರ್ಮನಿ ನಡುವೆ. 1871ರಲ್ಲಿ ಯುದ್ಧ ಗೆದ್ದ ಜರ್ಮನಿ ಅದನ್ನು ತೆಗೆದುಕೊಂಡಿತು. 1918ರಲ್ಲಿ ಫ್ರಾನ್ಸ್ ವಾಪಸ್ ಪಡೆಯಿತು. 1940ರಲ್ಲಿ ಮತ್ತೆ ಜರ್ಮನಿ. 1945ರ ಹೊತ್ತಿಗೆ ಮತ್ತೆ ಫ್ರಾನ್ಸ್. 1870ರಲ್ಲಿ ಹುಟ್ಟಿ 75 ವರ್ಷ ಬದುಕಿದ ಹೆಂಗಸು ಊರು ಬಿಡದೆಯೇ ನಾಲ್ಕು ಸಲ ದೇಶ ಬದಲಿಸಿದಳು. ಮೊದಲ ಮಹಾಯುದ್ಧದಲ್ಲಿ ಆ ಭಾಗದ ಸುಮಾರು 3,80,000 ಗಂಡಸರು ಜರ್ಮನ್ ಸಮವಸ್ತ್ರದಲ್ಲಿ ಹೋರಾಡಿದರು. ಗಡಿ ದಾಟಿ ಫ್ರಾನ್ಸ್ ಕಡೆ ಸೇರಿದವರೂ ಇದ್ದರು. ಸ್ಟ್ರಾಸ್‌ಬರ್ಗ್ ಊರಿನವರು 1936ರಲ್ಲಿ ತಮ್ಮ ಸತ್ತವರಿಗೆ ಒಂದು ಸ್ಮಾರಕ ಕಟ್ಟಿದರು. ಅದರಲ್ಲಿ ಒಬ್ಬ ತಾಯಿ ಕೂತಿದ್ದಾಳೆ. ಸಾಯುತ್ತಿರುವ ಇಬ್ಬರು ಮಕ್ಕಳನ್ನು ಹಿಡಿದಿದ್ದಾಳೆ. ಒಬ್ಬ ಆ ಕಡೆಯವನು, ಒಬ್ಬ ಈ ಕಡೆಯವನು. ಯಾರು ಯಾವ ಕಡೆ ಅಂತ ಹೇಳಲು ಅವರ ಮೈಮೇಲೆ ಬಟ್ಟೆ ಇಲ್ಲ. ಕೈ ಕೈ ಹಿಡಿದಿದ್ದಾರೆ. ಫ್ರಾನ್ಸ್‌ನ ಬೇರೆ ಊರುಗಳ ಸ್ಮಾರಕಗಳಲ್ಲಿ 'ಫ್ರಾನ್ಸ್‌ಗಾಗಿ ಮಡಿದವರು' ಅಂತ ಬರೆಯುವುದು ವಾಡಿಕೆ. ಇಲ್ಲಿ 'ನಮ್ಮ ಮಡಿದವರಿಗೆ' ಅಂತ ಅಷ್ಟೇ ಇದೆ.

ಆರು ವರ್ಷದ ನಂತರ, 1942ರ ಆಗಸ್ಟ್‌ನಲ್ಲಿ, ಆ ನಾಡಿನ ಹುಡುಗರನ್ನು ಜರ್ಮನ್ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವ ಆದೇಶ ಬಂತು. ಪಕ್ಕದ ಮೊಸೆಲ್‌ನವರೂ ಸೇರಿ ಸುಮಾರು 1,30,000 ಜನ. ತಪ್ಪಿಸಿಕೊಂಡರೆ ಮನೆಯವರನ್ನು ಗಡೀಪಾರು ಮಾಡುತ್ತಿದ್ದರು. ಬಹಳ ಜನರನ್ನು ಪೂರ್ವದ ರಣಾಂಗಣಕ್ಕೆ ಕಳಿಸಿದರು. ಅಲ್ಲಿ ಸೋವಿಯತ್ ಸೈನ್ಯದ ಕೈಗೆ ಸಿಕ್ಕವರು, ನಾವು ಫ್ರೆಂಚರು ಅಂತ ಎಷ್ಟು ಹೇಳಿದರೂ, ಮೈಮೇಲಿದ್ದದ್ದು ಜರ್ಮನ್ ಸಮವಸ್ತ್ರ. ಸೆರೆಶಿಬಿರ ಸೇರಿದರು. ಅವರಲ್ಲಿ ಕೊನೆಯವನು ಮನೆಗೆ ಬಂದದ್ದು 1955ರಲ್ಲಿ. ಯುದ್ಧ ಮುಗಿದು ಹತ್ತು ವರ್ಷ ಆಗಿತ್ತು.